ಹರಾಜಿನಿಂದ ಮರಳಿದ ಚೆಂಬು

ಮುರುಗಲು ಸಿಪ್ಪೆ ಹಾಕಿ ತಿಕ್ಕಿದ ತಾಮ್ರಕ್ಕೊಂದು ಹುಳಿ ವಾಸನೆ ಇರುತ್ತದೆ. ಇವತ್ತು ಬೆಳಿಗ್ಗೆ ಚೆಂಬು ತೊಳೆಯುವಾಗ ಅದು ಮೂಗಿಗೆ ಬಡಿಯಿತು. ಪಕ್ಕದ ಮನೆಯ ಅಜ್ಜಿ ಎದುರಿಗೆ ಬಂದು ಕುಳಿತಂತಾಯಿತು.

ನಾನು ಶಿರಸಿಯಲ್ಲಿ ಕಾಲೇಜು ಓದುತ್ತಿದ್ದಾಗ ಅವರಿಗೆ ಎಪ್ಪತ್ತು ದಾಟಿತ್ತು. ಸಿದ್ದಾಪುರದ ಕಡೆಯ ಸೊಸೆ. ಕರ ನಿರಾಕರಣೆಯ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಅವರ ಮನೆಯ ಪಾತ್ರೆಗಳನ್ನೆಲ್ಲ ಜಪ್ತಿ ಮಾಡಿ ಹರಾಜು ಹಾಕಿತಂತೆ. ಗಂಡ ಜೈಲಿನಲ್ಲಿ. ಹದಿನೆಂಟರ ಈಕೆ, ಚೆಂಬು ಕೊಂಡವನ ಹೊಸ್ತಿಲಲ್ಲಿ ಅನ್ನ ಬಿಟ್ಟು ಕುಳಿತರು; ಪೋಲೀಸರು ಬಂದು ಗದರಿಸಿದರೂ ಏಳಲಿಲ್ಲ. ಮೂರನೆಯ ದಿನ ಅವನೇ ಚೆಂಬು ತಂದು ಮುಂದಿಟ್ಟ. ಮುಂದೆ ಗಂಡನಿಗೆ ಶಾಲು, ಸನ್ಮಾನ ಎಲ್ಲ ಬಂತು. ಇವರ ಹೆಸರು ಸ್ವಾತಂತ್ರ್ಯ ಹೋರಾಟಗಾರರ ಯಾವ ಪಟ್ಟಿಯಲ್ಲೂ ಇರಲಿಲ್ಲ. ಕೇಳಿದರೆ ನಗುತ್ತಿದ್ದರು: “ಆನು ಜೈಲಿಗೆ ಹೋಯ್ದ್ನಿಲ್ಲೆ ಮಾರಾಯ್ತಿ. ಬರೀ ಹೊಸ್ಲಲ್ಲಿ ಕೂತಿದ್ದು.”

ಒಂದು ಮಧ್ಯಾಹ್ನ ಎಕ್ಕಂಬಿಯ ಗೆಳತಿ ನನ್ನ ಜೊತೆ ಓದಲು ಬಂದಳು. ಅವಳ ಜಾತಿಯವರು ನಮ್ಮ ಓಣಿಯ ಬಾವಿ ಮುಟ್ಟುವಂತಿರಲಿಲ್ಲ. ಗೊತ್ತಿದ್ದೇ ನಾವಿಬ್ಬರೂ ಹಗ್ಗ ಹಿಡಿದೆವು. ಒಂದು ಕೊಡ ತುಂಬಿಸಿ ಕಟ್ಟೆಯ ಮೇಲಿಟ್ಟು ಇನ್ನೊಂದು ಸೇದುತ್ತಿದ್ದಾಗ ನಾಲ್ಕು ಗಂಡಸರು ಬಂದರು. ಒಬ್ಬನ ಬಡಿಗೆ ಅವಳ ತಲೆಯ ಮೇಲೆ ಎದ್ದಿತು. ನಾನು... ಹಗ್ಗ ಬಿಟ್ಟು ಹಿಂದೆ ಸರಿದೆ. ಒಬ್ಬಳೇ ಹಿಡಿದಿದ್ದ ಅವಳ ಅಂಗೈ ಸುಲಿದುಕೊಂಡು ಹಗ್ಗ ಜಾರಿತು. ಕೊಡ ಬಾವಿಗೆ ಬಿದ್ದ ಸದ್ದು ಇಂದಿಗೂ ಕೇಳುತ್ತದೆ.

ಅಷ್ಟರಲ್ಲಿ ಅಜ್ಜಿ ಚೆಂಬು ಹಿಡಿದು ಬಂದರು. ಎತ್ತಿದ ಬಡಿಗೆಯ ಕೆಳಗೇ ಹಾದು ಬಾವಿಕಟ್ಟೆಯ ಮೇಲೆ ಕುಳಿತರು.

“ಕೂಸೇ, ಎಂಗೂ ಒಂಚೂರು ಹಾಕು. ಬಾಯಿ ಒಣಗಿಹೋಜು.”

ಗೆಳತಿ ಕೊಡ ಬಗ್ಗಿಸಿ ಹಾಕಿದಳು. ಅವರು ಗಟಗಟನೆ ಕುಡಿದರು.

“ಅಜ್ಜಿ, ಒಳಗೆ ನಡೀರಿ. ಇದು ಗಂಡಸ್ರ ವಿಷ್ಯ,” ಎಂದ ಬಡಿಗೆಯವನು.

“ನೀರು ಹೊರದು ಹೆಂಗಸ್ರು, ವಿಷ್ಯ ಮಾತ್ರ ನಿಂಗಳದ್ದಾ? ಪೋಲೀಸ್ರಿಗೇ ಎನ್ನ ಎಬ್ಸಲಾಜಿಲ್ಲೆ. ನೀ ಎಬ್ಸು ನೋಡನ.”

ಯಾರೂ ಮುಂದೆ ಬರಲಿಲ್ಲ. ಅನ್ನ ಮುಟ್ಟದೆ ಅವರು ಎರಡು ದಿನ ಅಲ್ಲೇ ಕುಳಿತರು. ಗೆಳತಿ ಎರಡೂ ದಿನ ಬಂದು ಪಕ್ಕದಲ್ಲಿ ಕುಳಿತಳು. ಮೂರನೆಯ ಬೆಳಿಗ್ಗೆ ಬಡಿಗೆಯವನ ಹೆಂಡತಿಯೇ ಕೊಡ ತಂದು, ಗೆಳತಿ ಮೊದಲು ಸೇದಲೆಂದು ಅವಳ ಹಿಂದೆ ಕಾದು ನಿಂತಳು. ಆಗ ಅಜ್ಜಿ ಎದ್ದರು. ಹಗ್ಗವನ್ನು ನನ್ನ ಕೈಗಿಟ್ಟು, “ತಗ, ಈಗ ಸರೀ ಹಿಡ್ಕ,” ಅಂದರು. ನಾನು ಕೈಬಿಟ್ಟದ್ದರ ಬಗ್ಗೆ ಅವರು ಆಡಿದ್ದು ಅಷ್ಟೇ ಮಾತು.

ಈಗ ಆ ಬಾವಿಗೆ ಕಬ್ಬಿಣದ ಜಾಲರಿ ಮುಚ್ಚಿದ್ದಾರೆ. ಅಜ್ಜಿ ಹೋಗಿ ಬಹಳ ವರ್ಷವಾಯಿತು. ಹೋಗುವ ಮುಂಚೆ ಚೆಂಬನ್ನು ನನಗೆ ಕೊಟ್ಟರು. ನಿಮ್ಮಿಂದ ಉಪಕಾರವಾಯಿತು ಎನ್ನಲು ಆಗ ಬಾಯೇ ಬರಲಿಲ್ಲ... ಈಗ ಹೇಳೋಣವೆಂದರೆ ಅವರಿಲ್ಲ.

ಇವತ್ತು ಗೆಳತಿ ಬಂದಿದ್ದಾಳೆ. ತುಂಬಿದ ಚೆಂಬು ಕೊಡುವಾಗ, ಆ ಬಡಿಗೆ ಇನ್ನೂ ಮೇಲೆಯೇ ಇದೆಯೇನೋ ಎಂಬಂತೆ ನನ್ನ ಕಣ್ಣು ಮೇಲೆ ಹೋಗಿ ಚೆಂಬು ವಾಲುತ್ತದೆ. ಅವಳು ಹಗ್ಗದ ಗುರುತಿರುವ ಅಂಗೈಯನ್ನು ಚೆಂಬಿನ ಅಡಿಗೆ ಕೊಡುತ್ತಾಳೆ.