ಬಾವಿಯ ನಡುಮಧ್ಯ

ನನಗೆ ಈಜು ಬರುತ್ತದೆ, ಆದರೆ ನೆಟ್ಟಗೆ ಬರುವುದಿಲ್ಲ. ಚಳ್ಳಕೆರೆಯ ಕಾಲೇಜಿನಲ್ಲಿ ಈಜು ತಂಡಕ್ಕೆ ಹೆಸರು ಕೊಡುವ ಮುಂಚೆಯೇ ಇದನ್ನು ಹೇಳಿಬಿಡಬೇಕಿತ್ತು. ಅರ್ಜಿಯಲ್ಲಿ ಅನುಭವ ಎಂಬಲ್ಲಿ 'ಎಂಟು ಬೇಸಿಗೆ' ಎಂದು ಜಂಬದಿಂದ ಬರೆದೆ. ಅದೇನೂ ಸುಳ್ಳಲ್ಲ. ಎಂಟನ್ನೂ ಒಂದೇ ಬಾವಿಯಲ್ಲಿ ಕಳೆದದ್ದು ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ, ಅಷ್ಟೆ.

ಆ ಬಾವಿ ಇರುವುದು ಮೊಳಕಾಲ್ಮುರು ಕಡೆ, ಸಿದ್ದಾಪುರದ ನಮ್ಮ ಹೊಲದಲ್ಲಿ. ಹತ್ತಿರದ ಬಂಡೆಯ ಮೇಲೆ ಅಶೋಕ ಚಕ್ರವರ್ತಿ ಪ್ರಜೆಗಳಿಗೆ ಬುದ್ಧಿಮಾತು ಕೆತ್ತಿಸಿದ್ದಾನೆ. ಈಜಿನ ವಿಷಯ ಮಾತ್ರ ಮರೆತಂತಿದೆ. ಆ ಕೊರತೆಯನ್ನು ನಮ್ಮ ದೊಡ್ಡವ್ವ ತುಂಬಿದಳು. ಮನೆಯ ಮಕ್ಕಳ ಬೆನ್ನಿಗೆಲ್ಲ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗೆ ನೂಕಿದವಳು ಅವಳೇ. ಅವಳದು ಎರಡೇ ಕಟ್ಟಳೆ. ಒಂದು, ಗೋಡೆಯ ಪಕ್ಕದಲ್ಲೇ ಸುತ್ತ ಈಜಬೇಕು.

"ನಡುಮಧ್ಯಕ್ಕೆ ಹೋಗಬ್ಯಾಡ ಕಣೆ. ಅದು ನಮ್ದಲ್ಲ."

"ಮತ್ತೆ ಯಾರ್ದು ದೊಡ್ಡವ್ವ?"

"ನೀರಿಂದು."

ಇನ್ನೊಂದು, ಈಜು ಬಂದ ದಿನ ಬುರುಡೆ ಬಿಚ್ಚಿ ಆ ನಡುಮಧ್ಯಕ್ಕೇ ಎಸೆಯಬೇಕು. ಅಣ್ಣಂದಿರ ಬುರುಡೆಗಳು ತೇಲಿಕೊಂಡು ಗೋಡೆಗೆ ಬಂದವು. ನನ್ನದು ಮುಳುಗಿತು. ಒಣ ಬುರುಡೆ ಮುಳುಗುವುದುಂಟೆ? ಯಾರೋ ಕೆಳಗಿನಿಂದ ಮೆಲ್ಲಗೆ ಇಸಿದುಕೊಂಡಂತೆ, ಒಂದು ಗುಳ್ಳೆಯೂ ಏಳದೆ ಹೋಯಿತು. ದೊಡ್ಡವ್ವ ನನ್ನ ತಲೆ ಒರೆಸಿದಳು. ಆಮೇಲೆ ನಾನು ಗೋಡೆ ಬಿಟ್ಟು ಒಂದು ಗೇಣೂ ಆಚೆ ಹೋಗಲಿಲ್ಲ.

ಇಷ್ಟು ವಿದ್ಯೆ ಹೊತ್ತುಕೊಂಡು ಆಯ್ಕೆಗೆಂದು ಚಿತ್ರದುರ್ಗದ ಈಜುಕೊಳಕ್ಕೆ ಹೋದೆ. ರಿಲೇಗೆ ನಾಲ್ವರು ಹುಡುಗಿಯರು ಬೇಕು. ಕಾಲೇಜಿನಲ್ಲಿ ಇದ್ದದ್ದು ಮೂವರು. ನಾನು ಈ ತುದಿಯಿಂದ ಆ ತುದಿ ಮುಟ್ಟಿದರೆ ತಂಡ, ಇಲ್ಲವಾದರೆ ಅವರೂ ಮನೆಗೆ. ಅವರಲ್ಲೊಬ್ಬಳು ನಾಗವೇಣಿ, ನನ್ನ ಹಾಸ್ಟೆಲ್ ಕೋಣೆಯ ಗೆಳತಿ, ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವವರ ಮಗಳು. ನಾಲ್ಕನೆಯವಳಿಗಾಗಿ ಎರಡು ವರ್ಷದಿಂದ ಕಾದಿದ್ದಳು.

ಸೀಟಿ ಕೇಳಿತು, ಧುಮುಕಿದೆ. ಕೈ ಗೋಡೆಗಾಗಿ ತಡಕಿತು. ಮೈ ತಾನಾಗಿ ಎಡಕ್ಕೆ ವಾಲಿತು. ಹಗ್ಗದ ಕೆಳಗೆ ನುಸುಳಿ, ಪಕ್ಕದ ಸಾಲನ್ನೂ ಅಡ್ಡ ಹಾಯ್ದು, ಅಚ್ಚುಕಟ್ಟಾಗಿ ಹೊರಟಲ್ಲಿಗೇ ಬಂದು ಮುಟ್ಟಿದೆ.

"ಎಣ್ಣೆ ಮಿಲ್ಲಿನ ಚಳ್ಳಕೆರೆಯಿಂದ ಬಂದಿದೀವಿ ಅಂತ ಗಾಣದೆತ್ತಿನಂಗೆ ಸುತ್ತಬೇಕೇನಮ್ಮಾ?" ಎಂದರು ದೈಹಿಕ ಶಿಕ್ಷಣದ ಮೇಷ್ಟ್ರು. "ಇನ್ನೊಂದೇ ಸಲ ನೋಡ್ತೀನಿ."

ನಾಗವೇಣಿ ನಗಲಿಲ್ಲ. "ಏಮೇ, ತಳದಾಗೆ ಕರಿ ಗೀಟು ಐತೆ. ಅದನ್ನ ನೋಡ್ಕಂಡು ಬಾ, ಸಾಕು."

ಬಾವಿಯಲ್ಲಿ ನಾನೆಂದೂ ಕೆಳಗೆ ನೋಡಿದವಳಲ್ಲ. ಅಲ್ಲಿ ಬರೀ ಕತ್ತಲೆ. ಇಲ್ಲಿ ಮತ್ತೆ ಧುಮುಕಿ ಮುಖ ಮುಳುಗಿಸಿದರೆ, ಬೆಳಗಿನ ಓರೆ ಬಿಸಿಲು ತಳದವರೆಗೂ ಇಳಿದಿತ್ತು. ಗೀಟಿನ ಮೇಲೆ ನನ್ನ ನೆರಳು ಈಜುತ್ತಿತ್ತು. ಅದರ ಬೆನ್ನಿನಿಂದ ದುಂಡಗೆ ಏನೋ ಉಬ್ಬಿತ್ತು. ಬುರುಡೆ! ಕೈ ಹಿಂದೆ ಹಾಕಿ ತಡವಿಕೊಂಡೆ. ನನ್ನ ಬೆನ್ನ ಮೇಲೆ ಏನೂ ಇರಲಿಲ್ಲ.

ಪಕ್ಕಕ್ಕೆ ತಿರುಗೋಣವೆಂದರೆ ನೆರಳು ತಿರುಗಲಿಲ್ಲ. ಆತುರವಿಲ್ಲದೆ, ನೆಟ್ಟಗೆ, ಕೊಳದ ನಡುಮಧ್ಯಕ್ಕೆ ಹೊರಟಿತ್ತು. ಅದನ್ನು ಬಿಟ್ಟು ಆ ನೀರಿನಲ್ಲಿ ಒಬ್ಬಳೇ ಉಳಿಯುವ ಧೈರ್ಯ ನನಗಿರಲಿಲ್ಲ. ಅದರ ಹಿಂದೆಯೇ ಹೋದೆ. ಆಚೆ ಗೋಡೆ ಕೈಗೆ ತಗುಲಿದಾಗ ಮೇಷ್ಟ್ರು ನನ್ನ ಹೆಸರು ಬರೆದುಕೊಳ್ಳುತ್ತಿದ್ದರು. ನಾಗವೇಣಿ ಅಳುತ್ತಿದ್ದಳು.

ಪಂದ್ಯದಲ್ಲಿ ನಮ್ಮ ತಂಡವೇ ಕೊನೆ, ಆ ಮಾತು ಬೇರೆ.

ರಜೆಗೆ ಊರಿಗೆ ಹೋದಾಗ ದೊಡ್ಡವ್ವನಿಗೆ ಎಲ್ಲ ಹೇಳಿದೆ. ಅವಳು ಶೇಂಗಾ ಸುಲಿಯುತ್ತಲೇ ಕೇಳಿದಳು. "ತೇಲಿ ಬಂದ ಬುರುಡೆ ನಮ್ಮನ್ನ ಬಿಡ್ತು ಅಂತ ಲೆಕ್ಕ ಕಣೆ. ನಿಂದು ನಿನ್ನ ಇನ್ನೂ ಬಿಟ್ಟಿಲ್ಲ."

ಹೆದರಬೇಕೋ, ನೆಮ್ಮದಿಯಿಂದಿರಬೇಕೋ ತಿಳಿಯಲಿಲ್ಲ. ಅವತ್ತು ಬಾವಿಗಿಳಿದು, ಮೊದಲ ಸಲ ಗೋಡೆ ಬಿಟ್ಟೆ. ನಡುಮಧ್ಯದ ನೀರು ಕೊರೆಯುವಷ್ಟು ತಣ್ಣಗಿತ್ತು. ಮೆಟ್ಟಿಲ ಮೇಲೆ ನಿಂತಿದ್ದ ದೊಡ್ಡವ್ವ ಬೇಡ ಎನ್ನಲಿಲ್ಲ. ಅಲ್ಲಿ ಒಂದು ಗಳಿಗೆ ಕೈಕಾಲು ಆಡಿಸುವುದನ್ನೇ ನಿಲ್ಲಿಸಿದೆ.

ಮುಳುಗಲಿಲ್ಲ.