ಚಿತ್ತಿರೈಯಲ್ಲಿ ಹಸಿರಾದ ಕಚ್ಚೋಲ

ಈ ಬೆಳಿಗ್ಗೆ ಬೀರುವಿನಿಂದ ರೇಷ್ಮೆ ಸೀರೆಯೊಂದನ್ನು ತೆಗೆದೆ. ಮಡಿಕೆಯಿಂದ ಒಣಗಿದ ಬಿಲ್ಲೆಯೊಂದು ಉದುರಿ, ಕರ್ಪೂರ ಶುಂಠಿಗಳನ್ನು ಒಟ್ಟಿಗೆ ಜಜ್ಜಿದಂಥ ಘಮ ಕೋಣೆಗೆಲ್ಲ ಹಬ್ಬಿತು. ಕಚ್ಚೋಲದ ಗೆಡ್ಡೆಯ ಚೂರು. ಸಿರುಮುಗೈಯ ನಮ್ಮ ಮನೆಯಲ್ಲಿ, ಮಗ್ಗದಿಂದ ಇಳಿದ ಯಾವ ಸೀರೆಯನ್ನೂ ಅಜ್ಜಿ ಇದಿಲ್ಲದೆ ಮಡಿಸಿಟ್ಟವಳಲ್ಲ. ನಾವೆಲ್ಲ ಅವಳನ್ನು ಅವ್ವ ಎನ್ನುತ್ತೇವೆ. ಇದಿದ್ದರೆ ಹುಳ ಬರುವುದಿಲ್ಲ ಎನ್ನುತ್ತಾಳೆ. ಹುಳದ ಅಭಿಪ್ರಾಯವನ್ನು ನಾನು ಕೇಳಿಲ್ಲ. ನೀವೂ ನಂಬಿಬಿಡಿ, ಅವ್ವನೊಡನೆ ವಾದಿಸುವುದಕ್ಕಿಂತ ಅದು ಸುಲಭ.

ಕಚ್ಚೋಲ ಕಾಡುಮರಗಳ ಅಡಿಯ ಗಿಡ. ಎಲೆಗಳು ಎದ್ದು ನಿಲ್ಲುವುದಿಲ್ಲ, ನೆಲಕ್ಕೆ ಅಂಗೈ ಊರಿದಂತೆ ಒರಗಿರುತ್ತವೆ. ಬಿಸಿಲು ತಾಗಿದರೆ ಮುದುಡುತ್ತವೆ. ನೆಂಟರ ಗುಂಪಿನಲ್ಲಿ ನಾನಿರುವ ರೀತಿಯೂ ಹೀಗೇ ಎಂದು ಅವ್ವ ಹೇಳುವುದುಂಟು. ಹಿತ್ತಿಲ ಸಪೋಟ ಮರದ ನೆರಳಲ್ಲಿ ಅವಳ ಪಾತಿಯಿತ್ತು; ತವರಿನಿಂದ ತಂದ ಗೆಡ್ಡೆಯ ಸಂತಾನ. ಎರಡು ಮಳೆಗಾಲದ ಹಿಂದೆ ಚಿಕ್ಕಪ್ಪ ಹಿತ್ತಿಲಿಗೆ ಸಿಮೆಂಟು ಹಾಕಿಸಿದಾಗ, ಉಳಿದದ್ದನ್ನೆಲ್ಲ ಒಂದೇ ಕುಂಡಕ್ಕೆ ಹಾಕಿ, ಕೊಯಮತ್ತೂರಿನ ನನ್ನ ಬಾಡಿಗೆ ಮನೆಗೆ ಕಳಿಸಿದಳು. ಆ ಸಂತಾನದ್ದು ಬೇರೆಲ್ಲೂ ಇನ್ನೊಂದು ಇರಲಿಲ್ಲ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿದ ನಾನು ಎಲ್ಲವನ್ನೂ ಬರೆದುಕೊಂಡೆ: ನೆರಳು, ಮರಳು ಬೆರೆತ ಮಣ್ಣು, ದಿನಕ್ಕೆ ಅರ್ಧ ಲೋಟ ನೀರು. ನೀರಿಗೆ ಅವ್ವ ಹೇಳಿದ ಅಳತೆ ‘ಕೈಗೆ ಬಂದಷ್ಟು’. ಅದನ್ನು ಅರ್ಧ ಲೋಟ ಎಂದು ನಾನೇ ತಿದ್ದಿದ್ದೆ.

ಪೊಂಗಲ್ ಕಳೆಯುತ್ತಲೇ ಎಲೆ ಹಳದಿಯಾಯಿತು. ನೀರನ್ನು ಒಂದು ಲೋಟ ಮಾಡಿದೆ. ಮುಂದಿನ ತಿಂಗಳು ಕುಂಡದಲ್ಲಿ ಬರೀ ಮಣ್ಣು ಉಳಿಯಿತು. ಎರಡು ಲೋಟ ಮಾಡಿದೆ. ಕೊನೆಗೆ, ಹೇಳಲು ನಾಚಿಕೆ, ನರ್ಸರಿಯಿಂದ ನೋಡಲು ಸುಮಾರು ಹಾಗೇ ಇರುವ ಅಲಂಕಾರದ ಗಿಡವೊಂದನ್ನು ತಂದು ಅದೇ ಕುಂಡದಲ್ಲಿ ನೆಟ್ಟೆ. ಅವ್ವನಿಗೆ ಭಾನುವಾರದ ವಿಡಿಯೋ ಕರೆಯಲ್ಲಿ ಕುಂಡ ಕಾಣಲೇಬೇಕು. ತೋರಿಸಿದೆ, ಸ್ವಲ್ಪ ದೂರದಿಂದ. ಚಿತ್ತಿರೈ ತಿಂಗಳ ಬಿಸಿಲಿಗೆ ಊರೇ ಬಾಡಿದಾಗಲೂ ನನ್ನ ಕುಂಡ ಹಸಿರಾಗಿತ್ತು.

"ಪರವಾಯಿಲ್ಲೆ ಕಣ್ಣು, ನಿಂದು ರಾಸಿಯಾನ ಕೈ," ಎಂದು ಅವ್ವ ನನ್ನ ಕೈಗುಣವನ್ನು ಹೊಗಳಿದಳು; ಮುದ್ದಿಗೆ ಅವಳು ನನ್ನನ್ನು ಕಣ್ಣು ಎಂದೇ ಕರೆಯುವುದು. ಆಮೇಲೆ ಪ್ರತಿ ವಾರ ನೆರೆಮನೆಯ ಹೆಂಗಸರನ್ನೂ ಫೋನಿನ ಮುಂದೆ ಕೂರಿಸತೊಡಗಿದಳು. ಅವರು ಅಷ್ಟೊಂದು ನಗುತ್ತಿದ್ದದ್ದು ಸಂತೋಷಕ್ಕೆ ಎಂದುಕೊಂಡಿದ್ದೆ.

ಮಳೆಗೆ ಮುಂಚೆ ಅವ್ವ ಬಸ್ಸು ಹತ್ತಿ ಬಂದೇಬಿಟ್ಟಳು. ಚೀಲ ಕೆಳಗಿಡುವ ಮೊದಲೇ ಬಾಲ್ಕನಿಗೆ ಹೋಗಿ, ಎಲೆ ಚಿವುಟಿ ಮೂಸಿದಳು.

"ಇದ್ಯಾರು ಕಣ್ಣು?"

ನಾನು ಅವಳ ಕೈಯ ಚೀಲ ಇಸಿದುಕೊಂಡೆ.

"ಕಚ್ಚೋಲ ಬೇಸಿಗೇಲಿ ಮಣ್ಣೊಳಗೆ ಹೋಗಿ ಮನಿಕೊಳ್ತದೆ. ಚಿತ್ತಿರೈಯಲ್ಲಿ ಎದ್ದು ಕುಂತಿರೋದನ್ನ ಈ ವಯಸ್ಸಿಗೆ ಇದೇ ಮೊದಲು ನೋಡಿದ್ದು. ಅದಕ್ಕೇ ಎಲ್ರನ್ನೂ ಕರೆದೆ."

ಮೊದಲೇ ಹೇಳಬಾರದಿತ್ತೇ ಎಂದು ಕೇಳಿದೆ.

"ನೀ ಎಲ್ಲಾ ಬರ್ಕೊಂಡಿದ್ಯಲ್ಲ. ಅದ್ರಲ್ಲಿ ಇರ್ತದೆ ಅಂದ್ಕೊಂಡೆ."

ಎರಡು ಲೋಟದ ವಿಷಯ ಹೇಳಿದಾಗ ಮಾತ್ರ ಅವಳ ನಗು ನಿಂತಿತು. ಮಲಗಿದ ಗೆಡ್ಡೆಗೆ ಅಷ್ಟು ನೀರು ಬಿದ್ದರೆ ಕೊಳೆಯುತ್ತದೆ. ಅವ್ವ ನೆಲದ ಮೇಲೆ ಕೂತು, ನನ್ನ ಗಿಡವನ್ನು ಕಿತ್ತು ಪಕ್ಕಕ್ಕಿಟ್ಟು, ಬೆರಳಿನಿಂದ ಮಣ್ಣು ಕೆದಕಿದಳು. ಒಂದೊಂದಾಗಿ ಗೆಡ್ಡೆಗಳು ಮೆತ್ತಗೆ ಕೈಗೆ ಬಂದವು. ಅವಳು ಬೈದಿದ್ದರೆ ಚೆನ್ನಾಗಿತ್ತು. ತಳದ ಹೆಂಚಿನ ಚೂರಿನ ಸಂದಿಯಲ್ಲಿ ಕೊನೆಗೊಂದು ಗಟ್ಟಿಯಾಗಿ ಸಿಕ್ಕಿತು. ತುದಿಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಮೊಳಕೆ. ಸೆರಗಿನಲ್ಲಿ ಒರೆಸಿ ನನ್ನ ಅಂಗೈಯಲ್ಲಿಟ್ಟಳು.

"ಬರ್ಕೋ," ಎಂದಳು.

ಮತ್ತೆ ಚಿತ್ತಿರೈ ಬಂದಿದೆ. ಆ ಒಂದು ಗೆಡ್ಡೆ ಮಳೆಗಾಲದಲ್ಲಿ ಆರು ಎಲೆ ಬಿಟ್ಟು, ಪೊಂಗಲ್ ಮುಗಿಯುತ್ತಲೇ ಮಣ್ಣಿಗಿಳಿಯಿತು. ಅಲಂಕಾರದ ಗಿಡ ಪಕ್ಕದ ಕುಂಡದಲ್ಲಿ ಸುಖವಾಗಿದೆ. ಅವ್ವ ಅದನ್ನು ನನ್ನ ಫ್ರೆಂಡು ಎನ್ನುತ್ತಾಳೆ. ಇಂದು ಭಾನುವಾರ. ಬಿಲ್ಲೆಯನ್ನು ಮಡಿಕೆಗೆ ಸೇರಿಸಿ, ಅವಳಿಗೆ ಕರೆ ಮಾಡಿ, ಒಣಗಿದ ಬರಿ ಮಣ್ಣನ್ನು ಹತ್ತಿರದಿಂದ ತೋರಿಸಿದೆ. ಅವ್ವ ಫೋನನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ನೋಡಿದಳು.

"ಚೆನ್ನಾಗಿದೆ ಕಣ್ಣು," ಎಂದಳು. ನೆರೆಯವರನ್ನು ಯಾರನ್ನೂ ಕರೆಯಲಿಲ್ಲ.