ನೀರುತೊಟ್ಟಿಯ ಹಿಂದೆ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಸುಮ್ಮನೆ ಕೇಳಿ, ಮನಸ್ಸಿನಲ್ಲೇ ನಕ್ಕು ಮರೆಯುತ್ತಿದ್ದೆ. ನೀವೂ ಹಾಗೇ ಮಾಡಿದರೆ ನನಗೆ ಬೇಸರವಿಲ್ಲ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಹೊರದೇಶಗಳಲ್ಲಿ ಹೊಡೆದಾಡಿ ದೂರಾದ ಊರುಗಳ ಜನರನ್ನು ಒಂದೆಡೆ ಕೂರಿಸಿ ಮಾತಾಡಿಸುವ ತರಬೇತಿಗಳನ್ನು ರೂಪಿಸುವುದು ನನ್ನ ಕೆಲಸ. ಹಿರಿಯೂರಿನ ಪಕ್ಕದ ಬಬ್ಬೂರಿನ ಮನೆಯಲ್ಲೇ ಕೂತು ಬರೆಯುತ್ತೇನೆ. ಅಲ್ಲಿ ನಡೆಸುವವರು ಬೇರೆ. ಆ ವರ್ಷ ಪೂರ್ವ ಆಫ್ರಿಕಾದ ಎರಡು ಹಳ್ಳಿಗಳಿಗಾಗಿ ಬರೆಯುತ್ತಿದ್ದೆ. ಒಂದು ದನಗಾಹಿಗಳದು, ಇನ್ನೊಂದು ಬೇಸಾಯಗಾರರದು. ನೀರಿನ ಜಗಳದಲ್ಲಿ ಹೆಣಗಳು ಬಿದ್ದಿದ್ದವು. ನಿಜವಾದ ಗಾಯವನ್ನು ಮೊದಲ ದಿನವೇ ಕೆದಕಬಾರದೆಂದು ನಾವು ಕಟ್ಟುಕತೆಯೊಂದನ್ನು ಓದಿ ಅದರ ಮೇಲೆ ಮಾತಾಡಿಸುತ್ತೇವೆ. ನಾನು ಕಟ್ಟಿದ ಕತೆಯಲ್ಲಿ ಕಾಣೆಯಾದ ಒಬ್ಬ ಯುವಕನಿದ್ದ.

ಆ ಮಧ್ಯಾಹ್ನ ಹರಿಯಬ್ಬೆಯಿಂದ ನನ್ನಕ್ಕ ಬಂದಿದ್ದಳು. ಅವರೆಕಾಯಿ ಸುಲಿಯುತ್ತಾ ಕೂತಿದ್ದವಳಿಗೆ ಕತೆಯನ್ನು ಕನ್ನಡದಲ್ಲಿ ಹೇಳಿದೆ. ಅವಳು ತಲೆಯೆತ್ತದೆ, “ಅವನು ಎಲ್ಲೂ ಹೋಗಿಲ್ಲ ಕಣಪ್ಪ. ದನದ ತೊಟ್ಟಿ ಹಿಂದೆ ಒಡೆದ ಬೀಸೋ ಕಲ್ಲು ಐತಲ್ಲ, ಅದರ ಕೆಳಗವ್ನೆ. ಮಕಾಡೆ ಮಲಗ್ಸವ್ರೆ” ಅಂದಳು. ನನ್ನ ಕತೆಯಲ್ಲಿ ತೊಟ್ಟಿಯಾಗಲಿ ಕಲ್ಲಾಗಲಿ ಇರಲಿಲ್ಲ. ಕತೆಗೆ ಹೊಂದುತ್ತದೆ ಎನಿಸಿ ಹಾಗೇ ಸೇರಿಸಿದೆ.

ತರಬೇತಿಯ ಮಾರನೆಯ ದಿನ, ಅದನ್ನು ನಡೆಸುತ್ತಿದ್ದ ಗ್ರೇಸ್ ಎಂಬಾಕೆ ಫೋನ್ ಮಾಡಿದರು. ಕತೆ ಓದುತ್ತಿದ್ದಂತೆ ದನಗಾಹಿಗಳ ಕಡೆಯ ಒಬ್ಬ ತಾಯಿ ಎದ್ದು ಹೊರಟೇಬಿಟ್ಟಳಂತೆ. ಅವಳ ಮಗ ಹೊಡೆದಾಟದ ದಿನದಿಂದ ಕಾಣೆಯಾಗಿದ್ದ. ಅವಳ ಊರಿನ ದನದ ತೊಟ್ಟಿಯ ಹಿಂದೆ ನಿಜವಾಗಿಯೂ ಒಡೆದ ಬೀಸುವ ಕಲ್ಲೊಂದಿತ್ತು. ಜನ ಅಗೆದರು. ಅವನಿದ್ದ, ಕವುಚಿಕೊಂಡು. ಮಾತುಕತೆ ಅಲ್ಲಿಗೇ ಮುರಿಯಿತು. ಮತ್ತೆ ಅವರನ್ನು ಸೇರಿಸಲು ನಮ್ಮಿಂದಾಗಲಿಲ್ಲ.

ಅಕ್ಕನನ್ನು ಕೇಳಿದೆ. “ನಾನ್ಯಾವಾಗ ಹಂಗಂದೆ? ನೀನು ಕತೆ ಹೇಳಿದ್ದೇ ನಂಗೆ ಗ್ಯಾಪ್ಕ ಇಲ್ಲ” ಅಂದಳು. ಹಿರಿಯೂರು, ದುರ್ಗ ಬಿಟ್ಟು ಹೆಚ್ಚು ದೂರ ಹೋದವಳೂ ಅಲ್ಲ, ನನ್ನ ಹತ್ತಿರ ಸುಳ್ಳಾಡುವವಳೂ ಅಲ್ಲ.

ಕೆಲವು ದಿನಗಳ ಮೇಲೆ ಆ ತಾಯಿ ನನ್ನನ್ನು ನೋಡಬೇಕೆಂದಳು. ಅಕ್ಕನೂ ಅಂದು ನಮ್ಮ ಮನೆಯಲ್ಲಿದ್ದಳು. ವಿಡಿಯೋ ಕರೆಗೆ ನನ್ನ ಪಕ್ಕದಲ್ಲೇ ಕೂತಳು. ನಿಮಗೆ ಹೇಗೆ ಗೊತ್ತಾಯಿತು ಎಂದು ಆ ತಾಯಿ ಕೇಳಿದರೆ ಏನು ಹೇಳಲಿ ಎಂದು ನಾನು ಹೆದರಿದ್ದೆ. ಅವಳು ಅದನ್ನು ಕೇಳಲೇ ಇಲ್ಲ. ಗ್ರೇಸ್ ಅವಳ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದರು: “ನನ್ನ ಮಗ ನಿಮ್ಮ ಹತ್ತಿರ ಇನ್ನೇನಾದರೂ ಹೇಳಿದನೇ?”

ನಾನು ಅಕ್ಕನಿಗೆ ಕನ್ನಡದಲ್ಲಿ ತಿಳಿಸಿದೆ. ಅವಳು ಪರದೆಯ ಮೇಲಿನ ಆ ಮುಖವನ್ನು ನೋಡಿದಳು. ಆಮೇಲೆ ಮೆಲ್ಲಗೆ, “ಅವ್ವಾ ಅಂತ ಕೂಗ್ದ ಅಂತ ಹೇಳು” ಅಂದಳು.

ಹೇಳಿದೆ. ಆ ತಾಯಿ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು.

ತರಬೇತಿಗಳಿಗೆ ಈಗಲೂ ಕತೆ ಬರೆಯುತ್ತೇನೆ. ಅವುಗಳಲ್ಲಿ ಯಾರೂ ಕಾಣೆಯಾಗುವುದಿಲ್ಲ. ಅಕ್ಕ ಅಂದು ಕರುಳು ತಡೆಯದೆ ಹಾಗೆ ಅಂದಳೋ, ಅವಳಿಗೆ ನಿಜವಾಗಿ ಕೇಳಿಸಿತ್ತೋ ತಿಳಿಯದು. ಅವಳನ್ನು ಕೇಳಲು ನನಗೆ ಇವತ್ತಿಗೂ ಧೈರ್ಯ ಬಂದಿಲ್ಲ.